ಬರ್ಲಿನ್ನಿನ ಆಲೋಚನೆ

2009ರ ನವೆಂಬರ್ ತಿಂಗಳು. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಕೆಲಸ ಮಾಡುವವರ ಯುರೋಪಿನ ಸಮಾವೇಶ 'ಜೆಎಸ್‌ಕಾನ್ಫ್ ಇಯು' ಬರ್ಲಿನ್ನಿನಲ್ಲಿ ನಡೆದಿತ್ತು. ಅಲ್ಲಿ ವೇದಿಕೆ ಹತ್ತಿದ ರಯಾನ್ ಡಾಲ್ ಅವರಿಗೆ ಆಗ 28 ವರ್ಷ. ಅಮೆರಿಕದವರು. ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಗಣಿತದ ಪಿಎಚ್‌ಡಿಗೆ ಸೇರಿ, ಅದನ್ನು ಅರ್ಧಕ್ಕೇ ಬಿಟ್ಟು, ವೆಬ್ ಕೆಲಸ ಮಾಡಿಕೊಂಡು ಜರ್ಮನಿಗೆ ಬಂದು ನೆಲೆಸಿದ್ದವರು. ಬೆನ್ನಿಗೆ ದೊಡ್ಡ ಕಂಪನಿಯ ಹೆಸರಿರಲಿಲ್ಲ. ಆದರೂ ಭಾಷಣ ಮುಗಿದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಂದು ಅವರು ಲೋಕದ ಮುಂದಿಟ್ಟದ್ದು ನೋಡ್.ಜೆಎಸ್ ಎಂಬ ತಂತ್ರಾಂಶ.

ಎಂಟೂವರೆ ವರ್ಷದ ನಂತರ, 2018ರ ಜೂನ್‌ನಲ್ಲಿ, ಅದೇ ಊರಿನ ಅದೇ ಸಮಾವೇಶಕ್ಕೆ ಡಾಲ್ ಮತ್ತೆ ಬಂದರು. ಅಷ್ಟು ಹೊತ್ತಿಗೆ ಅವರು ಬರೆದ ತಂತ್ರಾಂಶ ಜಗತ್ತಿನ ಸಾವಿರಾರು ಕಂಪನಿಗಳ ಸರ್ವರ್‌ಗಳಲ್ಲಿ ಓಡುತ್ತಿತ್ತು. ಸಭೆಯಲ್ಲಿ ಕುಳಿತಿದ್ದವರಲ್ಲಿ ಅನೇಕರ ಅನ್ನ ಅದರಿಂದಲೇ ಹುಟ್ಟುತ್ತಿತ್ತು. ಅವರ ಮುಂದೆ ನಿಂತು ಡಾಲ್ ಆರಿಸಿಕೊಂಡ ವಿಷಯ, ನೋಡ್.ಜೆಎಸ್ ಬಗ್ಗೆ ತಾವು ವಿಷಾದಪಡುವ ಹತ್ತು ಸಂಗತಿಗಳು.

ಈ ಎರಡು ಭಾಷಣಗಳ ನಡುವೆ ಒಂದು ಪ್ರಶ್ನೆ ಇದೆ. ಕೆಲಸದಲ್ಲಿ ಮನುಷ್ಯ ಬೆಳೆಯುವುದು ಎಂದರೇನು? ಕಂಪ್ಯೂಟರಿನಷ್ಟು ಹೊಸ ಪ್ರಶ್ನೆಯಲ್ಲ ಇದು. ಮಠ, ಬಸದಿ, ವಿಹಾರಗಳಲ್ಲಿ ಇದನ್ನು ಬಹಳ ಹಿಂದೆಯೇ ಕೇಳಿಕೊಂಡಿದ್ದಾರೆ, ಉತ್ತರವನ್ನೂ ಕೊಟ್ಟಿದ್ದಾರೆ.

ಮೊದಲ ಭಾಷಣದ ತಿರುಳು ಗೊತ್ತಾದರೆ ಎರಡನೆಯದರ ತೂಕ ತಿಳಿಯುತ್ತದೆ. 2009ರಲ್ಲಿ ಡಾಲ್ ತೋರಿಸಿದ ಒಂದು ಸ್ಲೈಡ್‌ನಲ್ಲಿ ಐದು ಸಂಖ್ಯೆಗಳಿದ್ದವು. ಪ್ರೊಸೆಸರ್ ತನ್ನ ಮಗ್ಗುಲಲ್ಲೇ ಇರುವ ಮೊದಲ ಹಂತದ ಕ್ಯಾಶ್‌ನಿಂದ ಮಾಹಿತಿ ಎತ್ತಿಕೊಳ್ಳಲು 3 ಸೈಕಲ್, ಎರಡನೇ ಹಂತದಿಂದ 14, ರ‍್ಯಾಮ್‌ನಿಂದ 250. ಡಿಸ್ಕ್‌ನಿಂದ ಓದಲು 4 ಕೋಟಿ 10 ಲಕ್ಷ. ನೆಟ್‌ವರ್ಕ್‌ನ ಆಚೆಯಿಂದ ತರಿಸಲು 24 ಕೋಟಿ. ಒಂದು ಸೈಕಲ್ಲನ್ನು ಒಂದು ಸೆಕೆಂಡ್ ಎಂದುಕೊಂಡರೆ ಅಂತರ ಕಣ್ಣಿಗೆ ಕಟ್ಟುತ್ತದೆ. ಕ್ಯಾಶ್‌ನದು ಮೂರು ಸೆಕೆಂಡಿನ ಕೆಲಸ. ರ‍್ಯಾಮ್‌ನದು ನಾಲ್ಕು ನಿಮಿಷ ಚಿಲ್ಲರೆ. ಡಿಸ್ಕ್‌ಗೆ ಹೋಗಿ ಬರಲು ಒಂದು ವರ್ಷ ಮೂರು ತಿಂಗಳ ಮೇಲೆ ಬೇಕು. ನೆಟ್‌ವರ್ಕ್‌ಗೆ ಏಳೂವರೆ ವರ್ಷ.

ಅಷ್ಟು ಕಾಲವೂ ಪ್ರೋಗ್ರಾಂ ಸುಮ್ಮನೆ ಕಾದು ನಿಲ್ಲುವಂತೆಯೇ ಹೆಚ್ಚಿನವರು ಬರೆಯುತ್ತಿದ್ದರು. ಡಾಲ್ ಅವರ ತಕರಾರು ಇದೇ. ಊರಿನ ದರ್ಜಿ ಹೇಗೆ ಕೆಲಸ ಮಾಡುತ್ತಾನೆ? ಒಬ್ಬ ಗಿರಾಕಿಯ ಅಳತೆ ತೆಗೆದುಕೊಂಡು, ಅಂಗಿ ಹೊಲಿದು ಮುಗಿಯುವ ತನಕ ಉಳಿದವರನ್ನು ಬಾಗಿಲಲ್ಲಿ ನಿಲ್ಲಿಸುವುದಿಲ್ಲ. ಅಳತೆ ಬರೆದುಕೊಂಡು, ಬಟ್ಟೆಯ ಚೂರು ಅಂಟಿಸಿದ ಚೀಟಿ ಕೊಟ್ಟು, ಮುಂದಿನವರನ್ನು ಕರೆಯುತ್ತಾನೆ. ಸರ್ವರ್ ಕೂಡ ಹಾಗೇ ಇರಬೇಕು, ಒಂದು ಕೆಲಸವನ್ನು ಡಿಸ್ಕ್‌ಗೋ ಡೇಟಾಬೇಸ್‌ಗೋ ಒಪ್ಪಿಸಿ ಆ ಹೊತ್ತಿನಲ್ಲಿ ಇನ್ನೊಬ್ಬರನ್ನು ವಿಚಾರಿಸಬೇಕು. ಬ್ರೌಸರ್ ಒಳಗೆ ಕ್ಲಿಕ್ಕಿಗಾಗಿ ಕಾಯುತ್ತ ಬೆಳೆದ ಜಾವಾಸ್ಕ್ರಿಪ್ಟ್‌ಗೆ ಈ ರೀತಿ ಹುಟ್ಟುಗುಣ. ಅದನ್ನು ಗೂಗಲ್‌ನ ಆ ಭಾಷೆಯನ್ನು ಓಡಿಸುವ ವಿ8 ಎಂಜಿನ್ ಜೊತೆ ಸೇರಿಸಿ ಸರ್ವರ್‌ಗೆ ತಂದದ್ದೇ ನೋಡ್.

ಮುಂದಿನದು ಯಾವ ಡೆವಲಪರ್ ಆದರೂ ಕನಸು ಕಾಣುವ ಏಣಿ. ಜಾಯೆಂಟ್ ಕಂಪನಿ ಕೆಲಸ ಕೊಟ್ಟಿತು. ಲಿಂಕ್ಡ್‌ಇನ್, ಪೇಪಾಲ್, ನೆಟ್‌ಫ್ಲಿಕ್ಸ್ ನೋಡ್ ಬಳಸತೊಡಗಿದವು. 2012ರ ಜನವರಿಯಲ್ಲಿ, ಯೋಜನೆ ಏರುಗತಿಯಲ್ಲಿ ಇರುವಾಗಲೇ, ಡಾಲ್ ಅದರ ಮುಂದಾಳುತನವನ್ನು ಐಸಾಕ್ ಶ್ಲೂಟರ್ ಅವರಿಗೆ ಒಪ್ಪಿಸಿ ಹೊರಬಂದರು. ಆಮೇಲೆ ಗೂಗಲ್ ಬ್ರೈನ್‌ನಲ್ಲಿ ಒಂದು ವರ್ಷ ಚಿತ್ರಗಳ ಮೇಲಿನ ಯಂತ್ರಕಲಿಕೆಯ ಸಂಶೋಧನೆ ಮಾಡಿದರು. ಹಾಗೆ ದೂರ ಹೋಗಿ ಬಂದವರು ಮತ್ತೆ ನೋಡ್ ಕೈಗೆತ್ತಿಕೊಂಡಾಗ, ತಾವೇ ಕಟ್ಟಿದ ಮನೆಯನ್ನು ಬಾಡಿಗೆದಾರರ ಕಣ್ಣಿನಿಂದ ನೋಡುವಂತಾಯಿತು. ಸೋರುವ ಮೂಲೆಗಳೆಲ್ಲ ಒಂದೊಂದಾಗಿ ಕಂಡವು.

2018ರ ಭಾಷಣದಲ್ಲಿ ಅವರು ಅವನ್ನು ಹೆಸರಿಟ್ಟು ಹೇಳಿದರು. ಮೊದಲನೆಯದು 'ಪ್ರಾಮಿಸ್'. ದರ್ಜಿಯ ಚೀಟಿಗೆ ಪ್ರೋಗ್ರಾಮರುಗಳ ಭಾಷೆಯಲ್ಲಿ ಇರುವ ಹೆಸರೇ ಅದು. ಅಂಗಿ ಈಗ ಕೈಗೆ ಬಂದಿಲ್ಲ, ಬರುತ್ತದೆಂಬ ಮಾತು ಮಾತ್ರ ಕೈಯಲ್ಲಿದೆ. 2009ರ ಜೂನ್‌ನಲ್ಲಿ ನೋಡ್‌ಗೆ ಪ್ರಾಮಿಸ್‌ಗಳನ್ನು ಸೇರಿಸಿದ್ದ ಡಾಲ್ 2010ರ ಫೆಬ್ರುವರಿಯಲ್ಲಿ ತೆಗೆದುಹಾಕಿದ್ದರು. ಅವನ್ನು ಉಳಿಸಿಕೊಂಡಿದ್ದರೆ ಬರೆಯುವ ರೀತಿ ಎಷ್ಟೋ ಮೊದಲೇ ಹದಕ್ಕೆ ಬರುತ್ತಿತ್ತು. ಜಾವಾಸ್ಕ್ರಿಪ್ಟ್ ಭಾಷೆಯ ಅಧಿಕೃತ ಮಾನಕಕ್ಕೆ ಅವು ಬಂದದ್ದು 2015ರಲ್ಲಿ. ನಡುವಿನ ವರ್ಷಗಳಲ್ಲಿ ಲಕ್ಷಾಂತರ ಜನ, ಕೆಲಸ ಮುಗಿದಾಗ ಓಡಲೆಂದು ಕೊಟ್ಟಿಟ್ಟ, ಒಂದರೊಳಗೊಂದು ಹೆಣೆದುಕೊಂಡ ಕಾಲ್‌ಬ್ಯಾಕ್‌ಗಳಲ್ಲಿ ತೊಡರಿಕೊಂಡು ದುಡಿದರು.

ಎರಡನೆಯದು ಭದ್ರತೆ. ವಿ8 ತಾನಾಗಿ ಒಂದು ಗಟ್ಟಿ ಆವರಣ, ಒಳಗಿನ ಕೋಡ್ ಹೊರಗಿನ ಕಂಪ್ಯೂಟರನ್ನು ಮುಟ್ಟದಂತೆ ತಡೆಯಬಲ್ಲದು. ನೋಡ್ ಆ ಗೋಡೆಯಲ್ಲಿ ಬಾಗಿಲು ತೆರೆದು, ಯಾರೋ ಬರೆದ ಸಣ್ಣ ಉಪಕರಣಕ್ಕೂ ಇಡೀ ಕಂಪ್ಯೂಟರ್ ಮತ್ತು ನೆಟ್‌ವರ್ಕನ್ನು ಒಪ್ಪಿಸಿಬಿಟ್ಟಿತು. ಕೋಡನ್ನು ಓಡುವ ರೂಪಕ್ಕೆ ತರುವ ಬಿಲ್ಡ್ ವ್ಯವಸ್ಥೆಯ ಆಯ್ಕೆ, ಪ್ರಾಜೆಕ್ಟ್ ಬಳಸುವ ಪ್ಯಾಕೇಜ್‌ಗಳನ್ನು (ಬೇರೆಯವರ ಸಿದ್ಧ ಕೋಡಿನ ಕಟ್ಟುಗಳನ್ನು) ಪಟ್ಟಿಮಾಡುವ ಪ್ಯಾಕೇಜ್.ಜೇಸನ್ ಎಂಬ ಕಡತ, ಪ್ರತಿ ಪ್ರಾಜೆಕ್ಟ್‌ನಲ್ಲೂ ಸಾವಿರಾರು ಕಡತಗಳಾಗಿ ಊದಿಕೊಳ್ಳುವ ನೋಡ್_ಮಾಡ್ಯೂಲ್ಸ್ ಎಂಬ ಫೋಲ್ಡರ್ ಕೂಡ ಪಟ್ಟಿಯಲ್ಲಿದ್ದವು. ಕೊನೆಕೊನೆಗೆ, ಕಡತದ ಹೆಸರಿನ ಬಾಲದಲ್ಲಿ '.ಜೆಎಸ್' ಬರೆಯದೆ ಬಿಡಲು ಅವಕಾಶ ಕೊಟ್ಟಂಥ ಚಿಕ್ಕ ಸಂಗತಿಯೂ ಬಂತು. ಇವುಗಳಲ್ಲಿ ಹೆಚ್ಚಿನವನ್ನು ಇನ್ನು ತಿದ್ದಲಾಗದು ಎಂದೂ ಅವರು ಒಪ್ಪಿಕೊಂಡರು. ತಾವು ಬಿಟ್ಟ ಮೇಲೆ ನೋಡ್ ಅನ್ನು ಕೈಹಿಡಿದು ನಡೆಸಿದ ಇತರರ ಕೆಲಸವನ್ನು ಹೆಸರಿಟ್ಟು ಮೆಚ್ಚಿದರು.

ಇಂಥ ಸಮಾವೇಶಗಳಲ್ಲಿ 'ಟಾಕ್ ಕೊಡುವುದು' ಇಂದು ವೃತ್ತಿಯ ಒಂದು ಮೆಟ್ಟಿಲು. ಬಯೋಡೇಟಾದಲ್ಲಿ ಅದಕ್ಕೆ ಬೇರೆಯೇ ಸಾಲು ಮೀಸಲು. ವೇದಿಕೆಯ ಮೇಲಿನ ಇಪ್ಪತ್ತೈದು ನಿಮಿಷ ಮುಂದಿನ ಅಪ್ರೈಸಲ್‌ಗೆ, ಹೈಕ್‌ಗೆ, ಹೊಸ ಕೆಲಸದ ಕರೆಗೆ ದಾರಿ ಮಾಡಿಕೊಡುತ್ತದೆ. ಜೂನಿಯರ್, ಸೀನಿಯರ್, ಸ್ಟಾಫ್, ಪ್ರಿನ್ಸಿಪಲ್ ಎಂದು ಪದವಿಗಳು ಏರುತ್ತವೆ. ಇದರಲ್ಲಿ ತಪ್ಪೇನಿಲ್ಲ. ಹೊಟ್ಟೆಪಾಡಿಗೆ ದುಡಿಯುವವರು ಮೇಲೇರಲು ಬಯಸುವುದು ನ್ಯಾಯವೇ. ತೊಡಕಿರುವುದು ಅಳತೆಗೋಲಿನಲ್ಲಿ. ಆ ಅಳತೆಯಲ್ಲಿ ಡಾಲ್ ಅವರ ಮೊದಲ ಭಾಷಣ ಮೇಲೇರಿಕೆ. ಎರಡನೆಯದನ್ನು ಎಲ್ಲಿ ಬರೆದುಕೊಳ್ಳುವುದು? ತಾನು ಕಟ್ಟಿದ್ದರಲ್ಲಿ ಇಂತಿಂಥದ್ದು ತಪ್ಪು ಎಂದು ಹೇಳಿದ್ದು ಯಾವ ಬಡ್ತಿಯ ಅರ್ಜಿಯಲ್ಲಿ ಹೊಂದುತ್ತದೆ?

ಇಲ್ಲಿ ಜೈನರ ಒಂದು ಮಾತು ದಾರಿ ತೋರುತ್ತದೆ. ಕನ್ನಡದಲ್ಲಿ ದಿನವೂ ಬಳಸುವ 'ಆಲೋಚನೆ' ಎಂಬ ಪದಕ್ಕೆ ಜೈನ ಸಾಧನೆಯಲ್ಲಿ ಬೇರೊಂದು ಖಚಿತ ಅರ್ಥವಿದೆ. ಗುರುವಿನ ಎದುರು ಕುಳಿತು ತನ್ನ ತಪ್ಪುಗಳನ್ನು ಮುಚ್ಚಿಡದೆ ಹೇಳಿಕೊಳ್ಳುವುದು ಎಂದು. ಉಮಾಸ್ವಾಮಿಯ ತತ್ತ್ವಾರ್ಥಸೂತ್ರ ಪ್ರಾಯಶ್ಚಿತ್ತದ ಒಂಬತ್ತು ಬಗೆಗಳನ್ನು ಎಣಿಸುವಾಗ ಆಲೋಚನೆಯನ್ನೇ ಮೊದಲು ಇಡುತ್ತದೆ. ಎರಡನೆಯದು ಪ್ರತಿಕ್ರಮಣ, ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆಯುವುದು. ಪಟ್ಟಿಯಲ್ಲಿ ಮುಂದೆ 'ವಿವೇಕ' ಬರುತ್ತದೆ, ದೋಷಕ್ಕೆ ಕಾರಣವಾದ ವಸ್ತುವನ್ನು ಬೇರ್ಪಡಿಸಿ ಬಿಡುವುದು. ಇನ್ನೂ ಮುಂದೆ 'ಛೇದ'. ಮುನಿಗೆ ದೀಕ್ಷೆ ಪಡೆದ ದಿನದಿಂದ ಲೆಕ್ಕವಾಗುವ ಹಿರಿತನವಿರುತ್ತದೆ. ತಪ್ಪಿನ ತೂಕಕ್ಕೆ ತಕ್ಕಂತೆ ಆ ಹಿರಿತನದಲ್ಲಿ ಒಂದಷ್ಟು ಕಾಲವನ್ನು ಕತ್ತರಿಸುವುದೇ ಛೇದ. ನಿನ್ನೆ ತನಗೆ ವಂದಿಸುತ್ತಿದ್ದವರಿಗೆ ಇಂದು ತಾನು ವಂದಿಸಬೇಕಾಗಿ ಬರಬಹುದು.

ಹಿರಿತನವನ್ನು ಕಳೆದುಕೊಳ್ಳುವುದೂ ಸಾಧನೆಯ ಒಳಗೇ ಬರುವ ಘಟನೆ ಎಂದು ಆ ವ್ಯವಸ್ಥೆ ತಿಳಿದಿತ್ತು. ಬೆಳೆಯುತ್ತಿರುವವರೇ ಹಿಂದೆ ಸರಿಯಬೇಕಾದ ಗಳಿಗೆಗಳಿರುತ್ತವೆ. ಇಂದಿನ ಉದ್ಯೋಗದ ಏಣಿಯಲ್ಲಿ ಅದಕ್ಕೆ ಜಾಗವಿಲ್ಲ.

ಆದರೆ ತಪ್ಪೊಪ್ಪಿಗೆ ಎಂದ ಮಾತ್ರಕ್ಕೆ ಅದು ಶುದ್ಧವೆಂದು ನಂಬಬೇಕಿಲ್ಲ. ಡಾಲ್ ಅವರ 2018ರ ಭಾಷಣವನ್ನು ಸಂಶಯದಿಂದ ನೋಡುವವರಿಗೆ ಕಾರಣವೂ ಇದೆ. ವಿಷಾದಗಳ ಪಟ್ಟಿ ಮುಗಿದ ಮೇಲೆ ಅವರು ಅದೇ ವೇದಿಕೆಯಲ್ಲಿ ಡೆನೊ ಎಂಬ ಹೊಸ ತಂತ್ರಾಂಶದ ಮೊದಲ ಮಾದರಿಯನ್ನು ತೋರಿಸಿದರು. ಹಾಗಾದರೆ ಹಳೆಯದನ್ನು ಹಳಿದದ್ದು ಹೊಸದನ್ನು ಮಾರಲೆಂದೇ? ಪಶ್ಚಾತ್ತಾಪದ ವೇಷದಲ್ಲಿ ಜಾಹೀರಾತು ಬಂದಿತ್ತೇ?

ಈ ಸಂಶಯವೂ ಹಳೆಯದೇ. ಕನ್ನಡದಲ್ಲಿ ಇಂದು ಸಿಗುವ ಅತಿ ಪ್ರಾಚೀನ ಗದ್ಯಕೃತಿಯಾದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಿಗೆ ಆಧಾರ ಭಗವತೀ ಆರಾಧನೆ ಎಂಬ ಪ್ರಾಕೃತ ಗ್ರಂಥ. ಅದು ಆಲೋಚನೆಗೆ ಅಂಟಿಕೊಳ್ಳುವ ಹತ್ತು ದೋಷಗಳನ್ನು ಎಣಿಸಿಟ್ಟಿದೆ. ಮೊದಲೇ ಗುರುವಿನ ಮನಸ್ಸು ಕರಗಿಸಿ, ಕರುಣೆ ಹುಟ್ಟಿಸಿ, ಶಿಕ್ಷೆ ಹಗುರಾಗುವಂತೆ ಮಾಡಿಕೊಂಡು ಹೇಳುವುದು ಒಂದು ದೋಷ. ಬೇರೆಯವರು ಆಗಲೇ ನೋಡಿಬಿಟ್ಟಿರುವ ತಪ್ಪನ್ನಷ್ಟೇ ಹೇಳುವುದು ಇನ್ನೊಂದು. ದೊಡ್ಡದನ್ನು ಹೇಳಿ ಸಣ್ಣದನ್ನು ಬಿಡುವುದು ದೋಷ. ಸಣ್ಣದನ್ನು ಹೇಳಿ, 'ಇಷ್ಟು ಚಿಕ್ಕದನ್ನೇ ಹೇಳುವವನು ದೊಡ್ಡದನ್ನು ಮುಚ್ಚಿಡುವನೇ' ಎಂಬ ನಂಬಿಕೆ ಹುಟ್ಟಿಸುವುದೂ ದೋಷ. ಯಾರಿಗೂ ಸ್ಪಷ್ಟವಾಗಿ ಕೇಳಿಸದಂತೆ, ಗದ್ದಲದ ನಡುವೆ ಹೇಳಿ ಮುಗಿಸುವುದು ಮತ್ತೊಂದು. ತನ್ನಂತೆಯೇ ಅದೇ ತಪ್ಪು ಮಾಡುತ್ತಿರುವವರ ಬಳಿ ಹೋಗಿ ಹೇಳಿಕೊಳ್ಳುವುದೂ ಪಟ್ಟಿಯಲ್ಲಿದೆ.

ಮನುಷ್ಯನ ಮನಸ್ಸನ್ನು ಇಷ್ಟು ಹತ್ತಿರದಿಂದ ಕಂಡು ಬರೆದ ಪಟ್ಟಿ ಅಪರೂಪ. ಸಮಾವೇಶಗಳಲ್ಲಿ ಕೇಳಿಬರುವ 'ನಮ್ಮ ಸೋಲಿನ ಕಥೆ'ಗಳನ್ನು ಇದಕ್ಕೆ ಹಚ್ಚಿ ನೋಡಬಹುದು. ಆರಂಭದಲ್ಲಿ ಸಣ್ಣದೊಂದು ಎಡವಟ್ಟು, ನಡುವೆ ರಾತ್ರಿಯಿಡೀ ಎಚ್ಚರವಿದ್ದ ತಂಡ, ಕೊನೆಗೆ ದೊಡ್ಡ ಗೆಲುವು: ಈ ಅಚ್ಚಿನಲ್ಲಿ ಎರಕ ಹೊಯ್ದ ಭಾಷಣಗಳು ಮೊದಲ ದೋಷದಲ್ಲೇ ಸಿಕ್ಕಿಬೀಳುತ್ತವೆ. ಕೇಳುಗರನ್ನು ಮೊದಲು ಕರಗಿಸಿ, ಕ್ಷಮೆಯನ್ನು ಕೈಯಲ್ಲಿಟ್ಟುಕೊಂಡೇ ಭಾಷಣಕಾರರು ತಪ್ಪು ಹೇಳುತ್ತಾರೆ.

ಡಾಲ್ ಅವರ ಮಾತು ಈ ಪರೀಕ್ಷೆಯಲ್ಲಿ ಬಹುಮಟ್ಟಿಗೆ ಗೆಲ್ಲುತ್ತದೆ. ಭದ್ರತೆಯಂಥ ದೊಡ್ಡ ತಪ್ಪನ್ನೂ ಹೇಳಿದರು, ಕಡತದ ಬಾಲದಂಥ ಚಿಕ್ಕದನ್ನೂ ಹೇಳಿದರು. ಮೂಲೆಯಲ್ಲಿ ಪಿಸುಗುಡಲಿಲ್ಲ. ತಮ್ಮ ತೀರ್ಮಾನಗಳ ಫಲ ಉಣ್ಣುತ್ತಿರುವವರ ಎದುರಿನಲ್ಲೇ, ಕ್ಯಾಮೆರಾ ಓಡುತ್ತಿರುವಾಗಲೇ ಹೇಳಿದರು. ಡೆನೊ ತಂದದ್ದು ಆಲೋಚನೆಯ ನಂತರದ ಪ್ರತಿಕ್ರಮಣ ಎಂದೂ ನೋಡಲು ಬರುತ್ತದೆ. ತಪ್ಪು ಹೇಳಿ ಕೈತೊಳೆದುಕೊಳ್ಳುವ ಬದಲು ಆ ತಪ್ಪಿಲ್ಲದ್ದನ್ನು ಕಟ್ಟಲು ಕುಳಿತರು. 2020ರ ಮೇ 13ರಂದು ಡೆನೊದ ಮೊದಲ ಪೂರ್ಣ ಆವೃತ್ತಿ ಬಂತು. ಬಳಸುವವರು ಅನುಮತಿ ಕೊಟ್ಟ ಹೊರತು ಅದರಲ್ಲಿ ಓಡುವ ಪ್ರೋಗ್ರಾಂ ಕಂಪ್ಯೂಟರಿನ ಕಡತವನ್ನೂ ನೆಟ್‌ವರ್ಕನ್ನೂ ಮುಟ್ಟುವಂತಿರಲಿಲ್ಲ. ಮೊದಲ ಆವೃತ್ತಿಯಲ್ಲಿ ಪ್ಯಾಕೇಜ್.ಜೇಸನ್ ಇರಲಿಲ್ಲ, ನೋಡ್_ಮಾಡ್ಯೂಲ್ಸ್ ಕೂಡ ಇರಲಿಲ್ಲ.

ಇದಕ್ಕಿಂತ ನಿರಾಳವಾದ ತಪ್ಪೊಪ್ಪಿಗೆಯೊಂದು 2009ರ ಮಾರ್ಚ್‌ನಲ್ಲಿ ಲಂಡನ್ನಿನ ಕ್ಯೂಕಾನ್ ಸಮಾವೇಶದಲ್ಲಿ ಕೇಳಿಬಂದಿತ್ತು. ಹೇಳಿದವರು ಕ್ವಿಕ್‌ಸಾರ್ಟ್ ವಿಧಾನ ಕಂಡುಹಿಡಿದ, 1980ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದ ಟೋನಿ ಹೋರ್. ಆಗ ಅವರಿಗೆ 75 ವರ್ಷ. 1965ರಲ್ಲಿ ಆಲ್ಗಾಲ್ ಡಬ್ಲ್ಯು ಭಾಷೆಗಾಗಿ ಕೆಲಸ ಮಾಡುವಾಗ ಅವರು 'ನಲ್ ರೆಫರೆನ್ಸ್' ಎಂಬುದನ್ನು ಸೇರಿಸಿದ್ದರು, ಎಲ್ಲಿಗೂ ಬೆರಳು ತೋರದ ಸೂಚಕ ಅದು. ಸೇರಿಸುವುದು ತೀರಾ ಸುಲಭವಾಗಿತ್ತು ಎಂಬುದೇ ಸೇರಿಸಲು ಕಾರಣ ಎಂದು ಹೋರ್ ಹೇಳಿದರು. ಅದರಿಂದ ಲೋಕಕ್ಕೆ ನೂರು ಕೋಟಿ ಡಾಲರ್ ನಷ್ಟವಾಗಿರಬಹುದು ಎಂದು ಲೆಕ್ಕವನ್ನೂ ತಮ್ಮ ಮೇಲೇ ಬರೆದುಕೊಂಡರು. ಅವರ ಬಳಿ ಮಾರಲು ಹೊಸ ಸರಕಿರಲಿಲ್ಲ. ಸುಲಭವಾಗಿತ್ತೆಂದು ಮಾಡಿದೆ ಎಂಬ ಮಾತು ನಾಲಗೆಗೆ ಬರಲು ನಲವತ್ತನಾಲ್ಕು ವರ್ಷ ಹಿಡಿದಿತ್ತು.

ಹೇಳಿಕೊಂಡರೆ ತಪ್ಪು ಅಳಿಯುತ್ತದೆಯೇ? ಧಾರ್ಮಿಕರು ಬಹುಕಾಲ ಚರ್ಚಿಸಿದ ಈ ಪ್ರಶ್ನೆಗೆ ವೆಬ್‌ನ ಇತಿಹಾಸ ಕೊಡುವ ಉತ್ತರ ಕಠಿಣವಾಗಿದೆ. 2016ರ ಮಾರ್ಚ್‌ನಲ್ಲಿ ಒಬ್ಬ ಡೆವಲಪರ್, ಹೆಸರಿನ ಹಕ್ಕಿನ ಜಗಳದಲ್ಲಿ ಮನನೊಂದು, ಎನ್‌ಪಿಎಂ ಎಂಬ ಸಾರ್ವಜನಿಕ ಭಂಡಾರದಿಂದ ತನ್ನ ಪ್ಯಾಕೇಜ್‌ಗಳನ್ನೆಲ್ಲ ಹಿಂತೆಗೆದುಕೊಂಡ. ಅವುಗಳಲ್ಲಿ ಒಂದು 'ಲೆಫ್ಟ್-ಪ್ಯಾಡ್'. ಪಠ್ಯದ ಎಡಗಡೆ ಖಾಲಿ ಜಾಗ ತುಂಬುವ 11 ಸಾಲಿನ ಕೋಡ್. ಅದನ್ನು ನೇರವಾಗಿಯೋ ಬಳಸುದಾರಿಯಲ್ಲೋ ನೆಚ್ಚಿಕೊಂಡಿದ್ದ ಸಾವಿರಾರು ಪ್ರಾಜೆಕ್ಟ್‌ಗಳ ಬಿಲ್ಡ್ ಅದೇ ದಿನ ಮುರಿದುಬಿತ್ತು. ಕೆಲವೇ ಗಂಟೆಗಳಲ್ಲಿ ಭಂಡಾರದವರು ಆ ಕೋಡನ್ನು ಮರಳಿ ಇಟ್ಟರು. ಆದರೆ ಎಳೆ ಎಷ್ಟು ತೆಳುವೆಂದು ಎಲ್ಲರಿಗೂ ಕಂಡುಹೋಗಿತ್ತು. ಪುಟ್ಟ ಪ್ಯಾಕೇಜ್‌ಗಳ ಮೇಲೆ ಪ್ಯಾಕೇಜ್ ಪೇರಿಸುವ, ಎಲ್ಲರೂ ಒಂದೇ ಭಂಡಾರಕ್ಕೆ ಜೋತುಬೀಳುವ ಆ ರೂಢಿಯ ಬೇರು, ಡಾಲ್ ಎರಡು ವರ್ಷಗಳ ನಂತರ ವಿಷಾದಿಸಿದ ತೀರ್ಮಾನಗಳಲ್ಲೇ ಇತ್ತು.

ಡೆನೊದ ಕಥೆ ಇನ್ನೂ ಮುಂದೆ ಹೋಗುತ್ತದೆ. ಹಳೆಯದನ್ನು ಬಿಟ್ಟು ಹೊಸದಾಗಿ ಶುರುಮಾಡುವುದು ಸುಂದರವಾಗಿತ್ತು. ಆದರೆ ಲೋಕದ ಕೋಡ್ ಎಲ್ಲ ಹಳೆಯ ಭಂಡಾರದಲ್ಲಿತ್ತು. ಬಳಸುವವರು ಅದನ್ನೇ ಕೇಳಿದರು. ಹಂತಹಂತವಾಗಿ ಡೆನೊ ಎನ್‌ಪಿಎಂಗೆ ಬಾಗಿಲು ತೆರೆಯಿತು. 2024ರ ಅಕ್ಟೋಬರ್‌ನಲ್ಲಿ ಬಂದ ಡೆನೊ 2, ಪ್ಯಾಕೇಜ್.ಜೇಸನ್ ಅನ್ನೂ ನೋಡ್_ಮಾಡ್ಯೂಲ್ಸ್ ಫೋಲ್ಡರನ್ನೂ ಅರ್ಥಮಾಡಿಕೊಳ್ಳುತ್ತದೆ. ಬರ್ಲಿನ್ನಿನಲ್ಲಿ ಹೆಸರಿಟ್ಟು ವಿಷಾದಿಸಿದ ಎರಡು ಸಂಗತಿಗಳು ಅದೇ ಕೈಗಳ ಹೊಸ ಕೆಲಸದೊಳಗೆ ಬಂದು ಕೂತವು.

ಇದನ್ನು ಸೋಲೆಂದು ಓದುವವರಿದ್ದಾರೆ. ಕರ್ಮಸಿದ್ಧಾಂತದ ನೆಲದಲ್ಲಿ ಬೆಳೆದವರಿಗೆ ಬೇರೆಯೇ ಕಾಣಬೇಕು. ಮಾಡಿದ ಕೆಲಸ ಕೈಬಿಟ್ಟ ಗಳಿಗೆಯಲ್ಲಿ ಮಾಡಿದವರ ಹತೋಟಿ ಮೀರುತ್ತದೆ. ಅದರ ಮೇಲೆ ಬೇರೆಯವರು ಮನೆ ಕಟ್ಟಿಕೊಂಡಿರುತ್ತಾರೆ. ಅಡಿಪಾಯ ಸರಿಯಿಲ್ಲವೆಂದು ಇಂದು ಅರಿವಾದರೂ ಅವರನ್ನು ಎಬ್ಬಿಸಿ ಕಳಿಸುವ ಅಧಿಕಾರ ಯಾರಿಗೂ ಇಲ್ಲ. ಕೆಲಸದಲ್ಲಷ್ಟೇ ಅಧಿಕಾರ, ಫಲದಲ್ಲಿಲ್ಲ ಎಂಬ ಗೀತೆಯ ವಿಚಾರವನ್ನು ಸಾಮಾನ್ಯವಾಗಿ ಕೆಲಸಗಾರನ ಸಮಾಧಾನಕ್ಕೆ ಹೇಳುತ್ತಾರೆ: ಫಲದ ಚಿಂತೆ ಬಿಡು, ಹಗುರಾಗು ಎಂದು. ಪ್ರೋಗ್ರಾಮರ್‌ಗೆ ಅದು ಇನ್ನೊಂದು ಕಡೆಯಿಂದ ತಾಗುತ್ತದೆ. ಫಲ ಅವರ ಕೈಗೆ ಬರುವುದಿಲ್ಲ, ನಿಜ. ಅದು ಗುರುತೇ ಇಲ್ಲದ ಲಕ್ಷ ಜನರ ಕೈಗೆ ಹೋಗುತ್ತದೆ. ಹಾಗಾಗಿ ಮಾಡುವ ಹೊತ್ತಿನ ಎಚ್ಚರ ಒಂದೇ ಅವರ ಪಾಲಿಗೆ ಉಳಿಯುವುದು. ಹೋರ್ 'ಸುಲಭವಾಗಿತ್ತು' ಎಂದದ್ದು ಆ ಎಚ್ಚರ ತಪ್ಪಿದ ಕ್ಷಣದ ಬಗ್ಗೆ. ಫಲದಾಸೆ ಬಿಡುವುದೆಂದರೆ ಹೊಣೆ ಬಿಡುವುದು ಎಂದು ತಿಳಿದವರು ಗೀತೆಯನ್ನು ಅರ್ಧ ಓದಿದವರು.

ಹಾಗಾದರೆ ತಿದ್ದಲಾಗದ್ದನ್ನು ಹೇಳಿ ಏನು ಪ್ರಯೋಜನ? ಮುಂದಿನವರಿಗೆ ಕಣ್ಣು ಬರುತ್ತದೆ. ನಲ್ ರೆಫರೆನ್ಸ್ ಪೂರ್ತಿ ತೊಲಗಿಲ್ಲ, ಆದರೆ ಆಮೇಲೆ ಬಂದ ರಸ್ಟ್, ಸ್ವಿಫ್ಟ್, ಕಾಟ್ಲಿನ್‌ನಂಥ ಭಾಷೆಗಳು ಆ ಗುಂಡಿಗೆ ಬೇಲಿ ಹಾಕಿಕೊಂಡೇ ಹುಟ್ಟಿದವು. ನೋಡ್ ಕೂಡ ಇತ್ತೀಚಿನ ಆವೃತ್ತಿಗಳಲ್ಲಿ, ಬೇಕೆಂದವರಿಗೆ, ಅನುಮತಿಯ ವ್ಯವಸ್ಥೆಯನ್ನು ಕೊಡತೊಡಗಿದೆ.

ಇಷ್ಟಾದರೂ ಒಂದು ದೊಡ್ಡ ಆಕ್ಷೇಪ ಉಳಿಯುತ್ತದೆ. ಅದನ್ನು ದಾಟಿ ಹೋಗುವುದು ಪ್ರಾಮಾಣಿಕತೆಯಾಗದು. ಡಾಲ್, ಹೋರ್ ಹೆಸರು ಮಾಡಿದವರು. ತಪ್ಪು ಹೇಳಿಕೊಂಡರೆ ಅವರ ಗೌರವ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಪ್ರೊಬೇಷನ್‌ನಲ್ಲಿರುವ ಹುಡುಗಿ, ಹಳ್ಳಿಯಿಂದ ಬಂದು ಇಂಗ್ಲಿಷ್‌ಗೆ ತಡವರಿಸುವ ಹುಡುಗ, ಮನೆಸಾಲದ ಕಂತು ಕಟ್ಟುತ್ತಿರುವ ಮಧ್ಯವಯಸ್ಕ, ಇವರು ಜನ ಬಳಸುತ್ತಿರುವ ವ್ಯವಸ್ಥೆಯಲ್ಲೇ, ಅಂದರೆ ಪ್ರೊಡಕ್ಷನ್‌ನಲ್ಲಿ ಮಾಡಿದ ತಪ್ಪನ್ನು ಸಭೆಯಲ್ಲಿ ಒಪ್ಪಿಕೊಂಡರೆ ಕೆಲಸವೇ ಹೋಗಬಹುದು. ಆಲೋಚನೆ ಶ್ರೀಮಂತರ ಆಭರಣವೇ?

2015ರಲ್ಲಿ ಮಾಂಟ್ರಿಯಲ್‌ನ ಪೈಕಾನ್ ಸಮಾವೇಶದಲ್ಲಿ ಜೇಕಬ್ ಕ್ಯಾಪ್ಲನ್-ಮಾಸ್ ಈ ಗಂಟಿನ ಒಂದು ತುದಿ ಹಿಡಿದರು. ಅವರು ಜ್ಯಾಂಗೊ ಎಂಬ ಹೆಸರಾಂತ ವೆಬ್ ಚೌಕಟ್ಟು ಕಟ್ಟಿದವರಲ್ಲಿ ಒಬ್ಬರು. ಸಭೆ ಅವರನ್ನು ಅಸಾಮಾನ್ಯ ಪ್ರತಿಭೆಯೆಂದು ಕಾಣುತ್ತಿತ್ತು. ಅವರೋ ತಾವು ಸಾಧಾರಣ ಪ್ರೋಗ್ರಾಮರ್ ಎಂದು ಮಾತು ಶುರುಮಾಡಿದರು. ಪ್ರೋಗ್ರಾಮಿಂಗ್ ಎಂಬುದು ಹುಟ್ಟಿನಿಂದ ಬರುವ ವರ, ಅದು ಇದ್ದವರು ಮೇಧಾವಿಗಳು, ಇಲ್ಲದವರು ದಡ್ಡರು, ನಡುವೆ ಯಾರೂ ಇಲ್ಲ ಎಂಬ ನಂಬಿಕೆಯನ್ನು ಅವರು ತರಾಟೆಗೆ ತೆಗೆದುಕೊಂಡರು. ಎಲ್ಲ ಕೌಶಲಗಳಂತೆ ಇಲ್ಲೂ ಹೆಚ್ಚಿನವರು ನಡುವಿನಲ್ಲಿರುತ್ತಾರೆ, ಕಲಿಯುತ್ತ ಮುಂದೆ ಹೋಗುತ್ತಾರೆ ಎಂದರು. ಆ ಸುಳ್ಳು ನಂಬಿಕೆಯೇ ಎಷ್ಟೋ ಜನರನ್ನು ಹೊಸ್ತಿಲಲ್ಲೇ ತಡೆದು ನಿಲ್ಲಿಸುತ್ತದೆ ಎಂಬುದು ಅವರ ವಾದ. ತಪ್ಪು ಎಂದರೆ ದಡ್ಡತನದ ಪುರಾವೆ ಎಂದಾದಲ್ಲಿ ಯಾರೂ ತಪ್ಪು ಹೇಳಲಾರರು. ಕಲಿಕೆಯ ದಾರಿಯ ಕಲ್ಲು ಎಂದಾದರೆ ಎಲ್ಲರೂ ಹೇಳಬಲ್ಲರು.

ಇನ್ನೊಂದು ತುದಿ ಬೌದ್ಧ ವಿಹಾರದಲ್ಲಿ ಸಿಗುತ್ತದೆ. ಮಳೆಗಾಲದ ಮೂರು ತಿಂಗಳು ಭಿಕ್ಷುಗಳು ಒಂದೆಡೆ ನೆಲೆಸುತ್ತಾರೆ. ಕೊನೆಯ ದಿನ 'ಪವಾರಣಾ' ಎಂಬ ವಿಧಿ. ಒಬ್ಬೊಬ್ಬರೂ ಸಂಘದ ಮುಂದೆ ಮಂಡಿಯೂರಿ, ತಮ್ಮಲ್ಲಿ ಯಾರಾದರೂ ದೋಷ ಕಂಡಿದ್ದರೆ, ಕೇಳಿದ್ದರೆ, ಶಂಕಿಸಿದ್ದರೆ ದಯಮಾಡಿ ತಿಳಿಸಿ ಎಂದು ಬೇಡಿಕೊಳ್ಳುತ್ತಾರೆ. ಒಬ್ಬರು ಬರೆದ ಕೋಡನ್ನು ಇತರರು ಪರಿಶೀಲಿಸುವ, ಇಂದಿನ ತಂತ್ರಾಂಶ ತಂಡಗಳ ಕೋಡ್ ರಿವ್ಯೂಗೆ ಇಷ್ಟು ಹತ್ತಿರದ ಹಳೆಯ ವಿಧಿ ಇನ್ನೊಂದಿಲ್ಲ. ಆದರೆ ಪವಾರಣೆಯಲ್ಲಿ ಒಂದು ನಿಯಮವಿದೆ. ಮೊದಲು ಮಂಡಿಯೂರುವುದು ಹಿರಿಯ ಭಿಕ್ಷು. ಕಿರಿಯರ ಸರದಿ ಆಮೇಲೆ.

ಆ ಕ್ರಮದಲ್ಲೇ ಆಕ್ಷೇಪಕ್ಕೆ ಉತ್ತರವಿದೆ. ಹಿರಿಯರು ತಲೆಬಾಗಿ ಕೇಳಿದ್ದನ್ನು ಕಂಡ ಮೇಲೆ ಕಿರಿಯರಿಗೆ ಭಯವಿರುವುದಿಲ್ಲ. ಹಿರಿತನಕ್ಕೆ ವಿಹಾರದಲ್ಲಿ ಮುಂದಿನ ಆಸನವಿತ್ತು, ಆ ಆಸನಕ್ಕೆ ಈ ಕೆಲಸವೂ ಅಂಟಿಕೊಂಡಿತ್ತು. ತಪ್ಪು ಹೇಳಿಕೊಂಡರೆ ಕಳೆದುಕೊಳ್ಳುವುದು ಕಡಿಮೆ ಇರುವವರೇ ಮೊದಲು ಹೇಳಬೇಕು. ಡಾಲ್, ಹೋರ್ ಹೆಸರುವಾಸಿಗಳು ಎಂಬುದು ಅವರ ಮಾತಿನ ಬೆಲೆ ತಗ್ಗಿಸುವುದಿಲ್ಲ. ಮೊದಲು ಹೇಳುವ ಕರ್ತವ್ಯ ಅವರದೇ ಆಗಿತ್ತು, ಅವರು ಅದನ್ನು ಮಾಡಿದರು.

ಒಂದು ಸಂಸ್ಥೆ ಹೀಗೆ ನಡೆದುಕೊಂಡ ಉದಾಹರಣೆಯೂ ಇದೆ. 2017ರ ಜನವರಿ 31ರ ರಾತ್ರಿ, ಕೋಡ್ ಸಂಗ್ರಹಿಸಿಡುವ ತಾಣ ಗಿಟ್‌ಲ್ಯಾಬ್‌ನಲ್ಲಿ, ದಣಿದಿದ್ದ ಎಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಅಳಿಸುವ ಆದೇಶ ಕೊಟ್ಟುಬಿಟ್ಟರು. ಸುಮಾರು 300 ಜಿಬಿಯ ಮುಖ್ಯ ಡೇಟಾಬೇಸ್ ಕ್ಷಣಮಾತ್ರದಲ್ಲಿ ಬರಿದಾಯಿತು. ಬ್ಯಾಕಪ್‌ಗಳನ್ನು ಹುಡುಕಿದರೆ ಒಂದೂ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಆರು ಗಂಟೆ ಹಿಂದೆ ಬೇರೆ ಕಾರಣಕ್ಕೆ ತೆಗೆದಿಟ್ಟಿದ್ದ ಒಂದು ಪ್ರತಿಯಿಂದ ಉಳಿದದ್ದನ್ನು ಎತ್ತಿಕೊಂಡರು. ಸುಮಾರು 5,000 ಪ್ರಾಜೆಕ್ಟ್‌ಗಳು, 5,000 ಟಿಪ್ಪಣಿಗಳು, 700 ಹೊಸ ಖಾತೆಗಳ ಮಾಹಿತಿ ಕಳೆದುಹೋಯಿತು. ಕಂಪನಿ ತನ್ನ ಒಳಗಿನ ಟಿಪ್ಪಣಿಯನ್ನು ಎಲ್ಲರಿಗೂ ತೆರೆದಿಟ್ಟಿತು. ದುರಸ್ತಿಯ ಕೆಲಸವನ್ನು ಯೂಟ್ಯೂಬ್‌ನಲ್ಲಿ ನೇರವಾಗಿ ತೋರಿಸಿತು. ಆ ಎಂಜಿನಿಯರ್ ಕೆಲಸ ಕಳೆದುಕೊಳ್ಳಲಿಲ್ಲ. ಒಬ್ಬರ ಬೆರಳು ತಪ್ಪಿದ್ದು ನಿಜವಾದರೂ, ಯಾವ ಬ್ಯಾಕಪ್ಪೂ ಓಡುತ್ತಿಲ್ಲ ಎಂಬುದನ್ನು ಗಮನಿಸದೆ ಹೋದದ್ದು ಇಡೀ ಸಂಸ್ಥೆ ಎಂದು ಕಂಪನಿಯ ವರದಿ ಒಪ್ಪಿಕೊಂಡಿತು.

ಕರ್ನಾಟಕಕ್ಕೆ ಈ ಮಾತು ದೂರದ್ದಲ್ಲ. ಡಾಲ್ ಬರ್ಲಿನ್ನಿನಲ್ಲಿ ಮೊದಲ ಬಾರಿ ಮಾತಾಡುವುದಕ್ಕೆ ಕೆಲವೇ ವಾರ ಮುಂಚೆ, 2009ರ ಸೆಪ್ಟೆಂಬರ್‌ನಲ್ಲಿ, ಭಾರತದ ಮೊದಲ ಪೈಕಾನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆಯಿತು. 2011ರಲ್ಲಿ ಜಾವಾಸ್ಕ್ರಿಪ್ಟ್‌ಗೆಂದೇ ಜೆಎಸ್‌ಫೂ ಆರಂಭವಾದದ್ದೂ ಇದೇ ಊರಿನಲ್ಲಿ. ಅಂದಿನಿಂದ ಶನಿವಾರಗಳಂದು ಕೋರಮಂಗಲ, ಇಂದಿರಾನಗರದ ಕಚೇರಿಗಳ ಸಭಾಂಗಣಗಳಲ್ಲಿ ನಡೆದ ಸಣ್ಣ ಕೂಟಗಳಿಗೆ ಲೆಕ್ಕವಿಲ್ಲ. ಆ ಕುರ್ಚಿಗಳಲ್ಲಿ ಕುಳಿತು ಕಲಿತವರೇ ಇಂದು ತಂಡಗಳ ಮುಖ್ಯಸ್ಥರಾಗಿದ್ದಾರೆ.

ಅಂಥ ಹಿರಿಯರಲ್ಲಿ ಒಂದು ವಿನಂತಿ. ಮುಂದಿನ ಬಾರಿ ವೇದಿಕೆ ಸಿಕ್ಕಾಗ ನೀವು ಕಟ್ಟಿದ್ದರಲ್ಲಿ ಕೆಟ್ಟದ್ದರ ಬಗ್ಗೆ ಮಾತಾಡಿ. ಯಾವ ತೀರ್ಮಾನ, ಯಾವ ವರ್ಷ, ಯಾರಿಗೆ ತೊಂದರೆಯಾಯಿತು, ಯಾವುದನ್ನು ಇನ್ನು ತಿದ್ದಲಾಗದು ಎಂಬುದನ್ನು ಹೆಸರಿಟ್ಟು ಹೇಳಿ. ಕೊನೆಯ ಸ್ಲೈಡ್‌ನಲ್ಲಿ ಗೆಲುವಿನ ಕಥೆ ಇಡಬೇಡಿ. ಸಂಘಟಕರು ದಿನದ ಮೊದಲ ಭಾಷಣವನ್ನೇ ಇದಕ್ಕೆ ಬಿಟ್ಟುಕೊಡಲಿ, ಅದನ್ನು ಅಂದಿನ ಸಭೆಯ ಅತ್ಯಂತ ಹಿರಿಯರೇ ಮಾಡಲಿ. ಹಿಂದಿನ ಸಾಲಿನಲ್ಲಿ ಕುಳಿತ, ವಾರದ ಹಿಂದೆ ಮಾಡಿದ ತಪ್ಪನ್ನು ಇನ್ನೂ ಯಾರಿಗೂ ಹೇಳದೆ ನಿದ್ದೆಗೆಟ್ಟಿರುವ ಹೊಸಬರಿಗೆ ಆ ದಿನ ಬಾಯಿ ಬರಬಹುದು.

ಈ ದಾರಿ ಹಿಡಿದಿರುವ ಕಿರಿಯರಿಗೂ ಒಂದು ಮಾತು. ಡಾಲ್ ಅವರ ಎರಡೂ ಭಾಷಣಗಳು ಯೂಟ್ಯೂಬ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಎರಡನ್ನೂ ಒಂದೇ ದಿನ ನೋಡಿ, 2009ರದು ಮೊದಲು, 2018ರದು ಆಮೇಲೆ.